ಕೊನೆಯ ಉಕಾರ

ಸಾಗರ ರಸ್ತೆಯ ಕಾಲೇಜು, ಮೊದಲ ವರ್ಷ, ಡಿ ಸೆಕ್ಷನ್ನು.
ಊಟವಾದ ಮೇಲಿನ ಪೀರಿಯಡ್ಡು.
ಮೂವತ್ತೆರಡು ಹೆಡ್‌ಫೋನುಗಳಲ್ಲಿ
ಹತ್ತೊಂಬತ್ತಕ್ಕೆ ಎರಡೂ ಕಿವಿ ಕೇಳುತ್ತದೆ,
ಏಳಕ್ಕೆ ಎಡಗಿವಿ ಮಾತ್ರ.
ಉಳಿದವರು ಪಕ್ಕದವರ ತುಟಿ ನೋಡಿ ಹೇಳುತ್ತಾರೆ.

ಬಸ್, ಅನ್ನುತ್ತೇನೆ.
ಬಸ್ಸು, ಅನ್ನುತ್ತಾರೆ.
ಬಸ್.
ಬಸ್ಸು.
ಸ್ ಹತ್ತಿರ ನಿಲ್ಲಿ, ಮುಂದೆ ಹೋಗಬೇಡಿ.
ನಿಲ್ಲುತ್ತಾರೆ, ಉಸಿರು ಬಿಗಿಹಿಡಿದು, ಒಂದು ಕ್ಷಣ.
ಆಮೇಲೆ ಹಿಂದಿನ ಬೆಂಚಿನಿಂದ
ತಡೆಯಲಾರದೆ ಜಾರಿದ ಒಂದು ಸಣ್ಣ ಉ.

ಹೇಗೆ ಬೈಯಲಿ?
ಹೊಸ್ತಿಲಿಗೆ ಬಂದ ವ್ಯಂಜನವನ್ನು
ನಿಂತಲ್ಲೇ ಮಾತಾಡಿಸಿ ಕಳಿಸಿ ನಮಗೆ ಗೊತ್ತಿಲ್ಲ,
ಒಂದು ಮಣೆ ಹಾಕಿ ಕೂರಿಸುತ್ತೇವೆ.
ಪೆನ್ನಿಗೆ, ಬೆಂಚಿಗೆ, ಫ್ಯಾನಿಗೆ,
ಊರ ನಡುವಿನ ಹಳೇ ಜೈಲಿಗೆ ಕೂಡ.
ಆ ಮಣೆ ಎಳೆಯುವುದಕ್ಕೇ ನನಗೆ ಸಂಬಳ,
ಇಪ್ಪತ್ತೊಂದು ವರ್ಷದಿಂದ.

ಈ ವಾರದ ಪಾಠ ಟೆಲಿಫೋನು.
ಕರೆಂಟಿನ ಆಫೀಸಿಗೆ ದೂರು ಕೊಡಿ.
ಮೊದಲ ವಾಕ್ಯದಲ್ಲೇ ವಿಷಯ ಬರಲಿ, ಎನ್ನುತ್ತದೆ ಪುಸ್ತಕ.
ಹೊಳಲೂರಿನ ಹಾಲೇಶ ಎದ್ದ,
ಕ್ಯಾಲ್ಕುಲೇಟರನ್ನು ಕಿವಿಗೆ ಒತ್ತಿಕೊಂಡ:
'ಗುಡ್ ಆಫ್ಟರ್‌ನೂನ್ ಸಾರ್, ಮೈಸೆಲ್ಫ್ ಹಾಲೇಶ.
ಯುವರ್ ಊಟ ಈಸ್ ಓವರ್, ಸಾರ್?'
ಕ್ಲಾಸು ಬಿದ್ದು ಬಿದ್ದು ನಕ್ಕಿತು.
ನಾನೂ ಕೆಂಪು ಪೆನ್ನಿನ ಟೋಪಿ ತೆಗೆದೆ.

ಊಟದ ವಿಷಯ ಯಾಕಪ್ಪ?
'ಕೇಳದಿದ್ರೆ ಲೈನ್‌ಮನ್ ಫೋನ್ ಇಟ್ಟುಬಿಡ್ತಾನೆ ಮೇಡಂ.
ಹೋದ ತಿಂಗಳು ನಮ್ಮ ಟಿಸಿ ಸುಟ್ಟಾಗ ನಾನೇ ಮಾಡಿದ್ದು.
ಪಕ್ಕದೂರಿಗೆ ಹನ್ನೊಂದು ದಿನ ಆಯ್ತು,
ನಮಗೆ ಮೂರೇ ದಿನಕ್ಕೆ ಬಂತು.'

ಉಚ್ಚಾರಕ್ಕೆ ಐದು, ವ್ಯಾಕರಣಕ್ಕೆ ಐದು,
ಸರಾಗ ಮಾತಿಗೆ ಐದು, ಕೈ ಕಣ್ಣು ಭುಜಕ್ಕೆ ಐದು.
ಮೂರೇ ದಿನಕ್ಕೆ ಬಂದ ಟಿಸಿಗೆ ಕಾಲಂ ಇಲ್ಲ.
ಪೆನ್ನು ಅಲ್ಲೇ ಸ್ವಲ್ಪ ಹೊತ್ತು ಆಡಿಸಿದೆ.

ಮುಂದಿನ ಸರದಿ ಜಮುನಾ ನಾಯ್ಕಳದು,
ಶಿಕಾರಿಪುರದ ಆಚೆಯ ತಾಂಡಾ.
ಎದ್ದವಳು ನಿಂತೇ ಇದ್ದಳು.
ಹೀಗೆ ನಿಂತವರಿಗೆಲ್ಲ ನಾನು ಹೇಳುವ ಹಳೆಯ ಮಾತು ಒಂದಿದೆ:
ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ತಿರುಗಿಸಬೇಡಮ್ಮ.

'ಕನ್ನಡದಲ್ಲಿ ಯೋಚಿಸಲ್ಲ ಮೇಡಂ.
ಕನ್ನಡಾನೂ ನಾನು ಹೀಗೇ ಕಲಿತಿದ್ದು.
ಒಂದನೇ ಕ್ಲಾಸಲ್ಲಿ ನೀರು ಬೇಕು ಅನ್ನೋಕೆ ಬರದೆ
ಇಡೀ ದಿನ ಸುಮ್ನೆ ಕೂತಿದ್ದೆ.
ಹೇಳಿದ ದಿನ ಎಲ್ರೂ ನಕ್ಕಿದ್ರು.
ಆಮೇಲೆ ಬಂತು. ಇದೂ ಬರುತ್ತೆ,
ನೀವು ಗಾಬರಿ ಆಗಬೇಡಿ.'

ನನಗೆ ಸಮಾಧಾನ ಹೇಳುತ್ತಿದ್ದಳು,
ಒಂದು ಒತ್ತಕ್ಷರವೂ ತಪ್ಪದ ಕನ್ನಡದಲ್ಲಿ.

ಬಂದವರಿಗೆ ಮಣೆ ಹಾಕುವ ಮನೆ ಅಂದೆನಲ್ಲ,
ಅದೇ ಹೊಸ್ತಿಲ ಹತ್ತಿರ
ಆರು ವರ್ಷದ ಹುಡುಗಿ ಒಂದು ದಿನವಿಡೀ ಬಾಯಾರಿ ಕೂತಿದ್ದಳು.
ಒಳಗಿನವರಿಗೆ ಕೇಳಿಸಿರಲಿಲ್ಲ.

ನಿಮ್ಮಲ್ಲಿ ನೀರಿಗೆ ಏನಂತೀರಿ, ಕೇಳಿದೆ.
ಹೇಳಿದಳು.
ಪಾನಿ, ಅಂದೆ, ಹಿಂದಿ ಸಿನಿಮಾದ ಅಭ್ಯಾಸ.
'ಪಾಣಿ ಮೇಡಂ. ನಾಲಿಗೆ ಮೇಲಕ್ಕೆ.'
ಪಾಣಿ.
'ಇನ್ನೊಂದು ಸಲ.'
ಮೇಜಿನ ಮೇಲೆ ಬಿದ್ದಿದ್ದ ಹೆಡ್‌ಫೋನುಗಳಲ್ಲಿ
ಆ ಲಂಡನ್ನಿನ ಹೆಂಗಸು
ಯಾರೂ ಇಲ್ಲದ ಕಿವಿಗೆ ಹೇಳುತ್ತಲೇ ಇದ್ದಳು,
ಲಿಸನ್ ಅಂಡ್ ರಿಪೀಟ್.

ಹೊರಗೆ ಗಂಟೆಯಾಯಿತು.
'ಬೆಲ್, ಮೇಡಂ,' ಅಂದ ಹಾಲೇಶ,
ಲ್ ಹತ್ತಿರ ಸರಿಯಾಗಿ ನಿಂತು,
ಶಹಬ್ಬಾಸ್‌ಗಿರಿಗೆ ನನ್ನ ಮುಖ ನೋಡುತ್ತ.

ಹೌದು ಕಣೋ, ಬೆಲ್ಲು, ಅಂದೆ.