ಕುರ್ಲಾದಿಂದ

ಎರಡು ಕಾಲೇಜು. ಎರಡರ ಪಟ್ಟಿಯಲ್ಲೂ ಹೆಸರು ಬಂದಿದೆ.
ಎರಡರ ಫೀಸಿಗೂ ನಮ್ಮ ಕೈ ಹೇಗೋ ಎಟಕುತ್ತದೆ.
ನಡುವಿನ ಅಂತರ ಸಾವಿರದ ಇನ್ನೂರು,
ಅಂದರೆ ನಲವತ್ತು ಸೀರೆಯ ಫಾಲು, ಬೀಡಿಂಗ್ ಬಿಟ್ಟು.
ಅಷ್ಟನ್ನು ಗಣಪತಿ ಹಬ್ಬದ ಮೊದಲು ಹೊಲಿದೇನು.
ಹಣವೇ ಕಾರಣವಾಗಿದ್ದರೆ
ಎಷ್ಟು ಸುಲಭವಿತ್ತು.

ವಾಶಿಯದು ಲ್ಯಾಬಿನ ಡಿಪ್ಲೊಮಾ, ಎರಡು ವರ್ಷ.
ರಕ್ತ, ಮೂತ್ರ, ಕಫ, ನಳಿಗೆಗೆ ಚೀಟಿ ಅಂಟಿಸುವುದು,
ಮೂರನೆಯ ವರ್ಷಕ್ಕೇ ಸಂಬಳ.
ಪಾಟಣಕರ್ ಬಾಯಿಯ ಸೊಸೆ ಅದನ್ನೇ ಓದಿ
ಫ್ರಿಜ್ಜು ಕೊಂಡಿದ್ದಾಳೆ, ನಮ್ಮ ಹಾಲೂ ಅದರಲ್ಲೇ ಇರುತ್ತದೆ.
“ಜನಕ್ಕೆ ಕಾಯಿಲೆ ಬರುವುದು ನಿಲ್ಲುತ್ತದೆಯೇ ಗುಲಾಬಿ?”
ಹಾಲು ತೆಗೆದುಕೊಡುವಾಗಲೆಲ್ಲ ಕೇಳುತ್ತಾಳೆ ಬಾಯಿ.

ಮಾಟುಂಗಾದ್ದು ಭೂಗೋಳ. ಬರೀ ಭೂಗೋಳ.
ಅದನ್ನು ಓದಿದವರು ಏನಾಗುತ್ತಾರೆ, ಕೇಳಿದೆ.
ನಕಾಶೆ ಮಾಡುತ್ತಾರಮ್ಮ, ಅಂದಳು.
ಇರುವ ನಕಾಶೆ ಸಾಲದೇ?
“ನಮ್ಮ ಚಾಳು ಯಾವುದರಲ್ಲೂ ಇಲ್ಲ. ಹುಡುಕಿದ್ದೇನೆ.
ಮೀಠೀ ನದಿಯ ಪಕ್ಕ ಬಿಳಿ ಜಾಗ ಬಿಟ್ಟಿದ್ದಾರೆ.”
ಆ ಬಿಳಿ ಜಾಗದಲ್ಲಿ ಕೂತು
ಅವಳಿಗೆ ಅನ್ನ ಬಡಿಸಿದೆ.

ಸಂಘದವರು ನೋಟುಪುಸ್ತಕ ಹಂಚಿದ ಭಾನುವಾರ
ಕೋಟ್ಯಾನ್ ಮಾಸ್ತರರು ಮೈಕಿನಲ್ಲೇ ಕೇಳಿದರು:
ಮುಂದೇನು ನಮಿತಾ?
ಅವಳು ಎರಡನ್ನೂ ಹೇಳಿದಳು.
ಜನ ಚಪ್ಪಾಳೆ ಹೊಡೆದರು, ಎರಡಕ್ಕೂ.
ಚಪ್ಪಾಳೆಯಿಂದ ಏನೂ ತಿಳಿಯಲಿಲ್ಲ.

ಇವರು ಬಾಯಿ ಬಿಡಲಿಲ್ಲ.
ಸಾಕಿನಾಕಾದ ಲೇತಿನಿಂದ ಬಂದು
ಉಗುರಿನ ಕಬ್ಬಿಣದ ಪುಡಿ ತೊಳೆಯುತ್ತ ಒಮ್ಮೆ ಮಾತ್ರ:
“ನನಗೆ ಫೋರ್ಟಿನ ರಾತ್ರಿಶಾಲೆ ಒಂದೇ ಇತ್ತು.
ಹೋಗುವುದೋ, ಮಲಗುವುದೋ, ಅಷ್ಟೇ.
ಆರಿಸುವುದು ಹೇಗೆಂದು ನನ್ನನ್ನು ಕೇಳಬೇಡ ಮಗಾ.”
ಆಮೇಲೆ ಅನ್ನಕ್ಕೆ ಮಜ್ಜಿಗೆ ಹೆಚ್ಚು ಹಾಕಿಕೊಂಡರು.

ನನಗೋ, ಒಳಗೊಳಗೇ, ವಾಶಿ.
ಹೇಳಿಬಿಡುತ್ತೇನೆ, ಇಲ್ಲಿ ಬಚ್ಚಿಡುವುದೇನು.
ಬಿಳಿ ಕೋಟು ತೊಟ್ಟ ಹುಡುಗಿಯನ್ನು
ಯಾರೂ ಗದರಿಸಿ ಮಾತಾಡುವುದಿಲ್ಲ ಎಂದು
ಯಾಕೋ ನಂಬಿದ್ದೇನೆ.
ಆದರೆ ಬಂಗಡೆ ತೊಳೆಯಲು ಕೂರಿಸಿದರೆ
ಇವಳು ಮೂಗು ಹಿಂಡಿ, ಮೀನು ಮರೆತು,
ಕೆಂಪು ನೀರು ಅಂಗಳದಲ್ಲಿ
ಯಾವ ಇಳಿಜಾರು ಹಿಡಿಯಿತೆಂದು ನೋಡುತ್ತಾಳೆ.

ನಿನ್ನೆ ರಾತ್ರಿ ಫಾಲಿನ ರಟ್ಟಿನ ಹಿಂದೆ
ಎರಡೂ ಸ್ಟೇಷನ್ನಿನ ಹೆಸರು, ಇಂಗ್ಲಿಷಿನಲ್ಲಿ, ಬರೆದಿಟ್ಟಿದ್ದಳು.
ಇದು ಯಾವುದು, ಅದು ಯಾವುದು? ಬೆರಳಿಟ್ಟು ತೋರಿಸಿದಳು.
ನಾನು ಓದಲಾರೆ. ಎಣಿಸಬಲ್ಲೆ,
ಹೊಲಿಗೆ ಎಣಿಸಿದ ಕಣ್ಣು:
ವಾಶಿಗೆ ಐದು, ಮಾಟುಂಗಾಕ್ಕೆ ಏಳು.
ಯಾವುದರ ಕೆಳಗೂ ಗೆರೆಯಿಲ್ಲ.
ಎರಡರ ಮೇಲೂ ಬೆವರಿದ ಹೆಬ್ಬೆಟ್ಟು.

ಬೆಳಗ್ಗೆ ಎದ್ದವಳೇ: “ಮೊದಲು ಪಾಸು, ಆಮೇಲೆ ಫೀಸು.
ಪಾಸು ಕೈಗೆ ಬಂದರೆ
ಮನಸ್ಸು ಅತ್ತಿತ್ತ ಓಡಾಡುವುದು ನಿಲ್ಲುತ್ತದೆ.”
ರಿಯಾಯಿತಿಯ ಕಾಗದ ಕಾಲೇಜು ತೆರೆದ ಮೇಲೆ,
ಈ ತಿಂಗಳಿಗೆ ಪೂರ್ತಿ ಹಣ. ಇರಲಿ.
ಅದೂ ಒಂದಷ್ಟು ಫಾಲು.

ಕುರ್ಲಾದ ಸೇತುವೆಯ ಮೇಲಿಂದ ಕಂಡದ್ದು:
ಹಾರ್ಬರಿನ ಗಾಡಿ ಸೊಂಟ ತಿರುಗಿಸಿ ಖಾಡಿಯ ಕಡೆಗೆ,
ಸ್ಲೋ ಲೋಕಲ್ಲು ನೆಟ್ಟಗೆ ಸಾಯನ್ ಕಡೆಗೆ.
ಎರಡರ ಬಾಗಿಲಿಗೂ ಅಷ್ಟೇ ಜನ ಜೋತಿದ್ದರು.
ಅವಳು ನೋಡಲಿಲ್ಲ. ಚಪ್ಪಲಿಯ ಉಂಗುಷ್ಠ ಸರಿಮಾಡುತ್ತಿದ್ದಳು.

ಕಿಟಕಿಯ ಸಾಲಿನಲ್ಲಿ ನಾವು ಹದಿನಾಲ್ಕನೆಯವರು.
ಬರೆಯಲು ಕಟ್ಟೆಯಿಲ್ಲ, ಗೋಡೆ ಒದ್ದೆ.
“ಅಮ್ಮ, ಸ್ವಲ್ಪ ಬಗ್ಗು” ಎಂದು
ಫಾರಮ್ಮನ್ನು ನನ್ನ ಬೆನ್ನ ಮೇಲೆ ಇಟ್ಟಳು.
ರವಿಕೆಯ ಬಟ್ಟೆಯಾಚೆ ಪೆನ್ನಿನ ಮೊನೆ.
ಹೆಸರು. ಬೇಗ ಮುಗಿಯಿತು.
ವಯಸ್ಸು, ಎರಡು ಗೀಟು ಭಾರ.
ಎಲ್ಲಿಂದ: ಕುರ್ಲಾ. ಅದಕ್ಕೂ ಐದೇ ಅಕ್ಷರ.

ಎಲ್ಲಿಗೆ.

ಪೆನ್ನು ನಿಂತಿತು.
ಮುಂದಿನವನು ಸರಿದ, ನಾನು ಸರಿಯಲಿಲ್ಲ.
ಹಿಂದಿನವಳು ಚಲಾ, ಚಲಾ ಎಂದು ಡಬ್ಬಿಯಿಂದ ತಿವಿದಳು.
ಅಲುಗಿದರೆ ಅಕ್ಷರ ಕೆಡುತ್ತದೆ.
ಉಸಿರು ಹಿಡಿದೆ.
ಒಂದು. ಎರಡು.
ಮೂರು.
ನಾಲ್ಕು, ಐದು.

ಆರು.