ಸೀಸದ ಉಂಡೆ

ಚಿಲಿಯ ಕರಾವಳಿ. ಅಲೆ ಬಂದು ಹೋಗಿ ಹನ್ನೊಂದನೆಯ ದಿನ.
ಪರದೇಶದ ಅಧಿಕಾರಿ ಅರ್ಜಿಯ ಅಂಚಿನಲ್ಲಿ
ಮೆಚ್ಚಿ ಗೀಚಿಹೋದ ಒಂದೇ ಪದ:
ರೆಸಿಲಿಯೆಂಟ್.
ದುಭಾಷಿ ನೆಲಿದಾ ಪೆನ್ನಿನ ತುದಿ ಕಚ್ಚುತ್ತಾಳೆ.

'ರೆಸಿಲಿಯೆಂತೆ' ಎಂದುಬಿಟ್ಟರೆ ಮುಗಿಯಿತು,
ಆದರೆ ಅದು ಪೇಪರಿನವರ ಮಾತು,
ಈ ಕೊಲ್ಲಿಯ ಉಪ್ಪು ಇನ್ನೂ ತಾಕಿಲ್ಲ ಅದಕ್ಕೆ.
'ರೆಸಿಸ್ತೆಂತೆ'? ಬಣ್ಣದ ಡಬ್ಬಿಯ ಮೇಲಿರುತ್ತದೆ.
'ಫ್ವೆರ್ತೆ'? ಕಾಫಿಗೂ ಅನ್ನುತ್ತಾರೆ.

ಎದುರಿಗೆ ಎರ್ಮಿನಿಯಾ, ಎಪ್ಪತ್ತೆರಡು,
ಹರಿದ ಬಲೆಯ ಕಣ್ಣಿಗೆ ಕಣ್ಣು ಗಂಟುಹಾಕುತ್ತ:
"ಏನಂತೆ ಆ ಪದ?"
"ಬಿದ್ದರೂ ಏಳುವವಳು, ಅಂತ."
"ಓ, ಪೊರ್ಫಿಯಾದಾ! ಹಟಮಾರಿ.
ಬೊಂಬೆ ಇರುತ್ತಲ್ಲ, ಗುದ್ದಿದಷ್ಟೂ ಎದ್ದು ನಿಲ್ಲುವುದು,
ಅದಕ್ಕೂ ಅದೇ ಹೆಸರು.
ನನ್ನ ಮಗ ಒಂದನ್ನು ಒಡೆದು ನೋಡಿದ್ದ.
ಬುಡದಲ್ಲಿ ಒಂದು ಉಂಡೆ ಸೀಸ.
ಆ ಭಾರವೇ ಎಬ್ಬಿಸುವುದು ಮಗಳೇ, ಬೇರೇನಿಲ್ಲ."

ಮಗನ ಹೆಸರು ಶಾಲೆಯ ಗೋಡೆಯ ಪಟ್ಟಿಯಲ್ಲಿದೆ,
ಮುಂದಿನ ಕಾಲಂ ಖಾಲಿ.

ನೆಲಿದಾ ಬರೆಯತೊಡಗುತ್ತಾಳೆ: ಪೊರ್ಫಿ...
ಎರ್ಮಿನಿಯಾ ಕನ್ನಡಕ ಏರಿಸಿ ಬಗ್ಗುತ್ತಾಳೆ:
"ಹಾಗೆ ಬರೆದರೆ ದೋಣಿ ಕೊಡುತ್ತಾರೋ,
ಎದ್ದಿದ್ದಾಳಲ್ಲ, ಬಿಡು ಅನ್ನುತ್ತಾರೋ?"

ಪೆನ್ನು ನಿಂತಲ್ಲೇ
ಶಾಯಿ ಇಳಿದು
ಒಂದು ಚುಕ್ಕೆ
ದಪ್ಪವಾಗುತ್ತ ಹೋಗುತ್ತದೆ.