ಕೂಳೆ

ಪ್ರಸಂಗದ ಹಾಳೆ ಬೆಳಿಗ್ಗೆಯೇ ಲಾರಿಯಲ್ಲಿ ಹೋಯಿತು,
ಅಡಿಗೆ ಪಾತ್ರೆಗಳ ಮೂಟೆಯ ಜೊತೆ.
ಒಳ್ಳೆಯದೇ ಆಯಿತು. ಮೂರು ಅಂಶಗಳಿದ್ದವು ಅದರಲ್ಲಿ,
ಬರೆಯುವಾಗ ನನಗೇ ಆಕಳಿಕೆ.
ಕೂತುಕೊಳ್ಳಿ. ಫ್ಯಾನು ಇವತ್ತೂ ತಿರುಗುವುದಿಲ್ಲ.

ಹನ್ನೊಂದು ವರ್ಷದ ಕೆಳಗೆ, ಮಂಡ್ಯಕ್ಕೆ ಬಂದ ಮೊದಲ ವಾರ,
ನಾಲೆ ಏರಿ ಮೇಲೆ ಸೈಕಲ್ಲು ತಳ್ಳಿಕೊಂಡು ಬರುತ್ತಿದ್ದೆ.
ಜೀವರತ್ನಪ್ಪನವರ ಗದ್ದೆ ಹೊತ್ತಿ ಉರಿಯುತ್ತಿತ್ತು.
ಅವರು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು,
ನನ್ನ ಕಂಡು ಬೀಡಿ ಬಚ್ಚಿಟ್ಟರು.
ನಾನೋ ಚಳ್ಳಕೆರೆಯ ಶೇಂಗಾ ಸೀಮೆಯವನು,
ಕಬ್ಬು ಕಂಡದ್ದು ಹಾಲಿನ ಗಾಡಿಯಲ್ಲಿ.
ಓಡಿಹೋಗಿ ಅವರ ಹೆಗಲ ಮೇಲೆ ಕೈಯಿಟ್ಟು
ಕಣ್ಣು ಮುಚ್ಚಿ ಕರ್ತನಲ್ಲಿ ಸಮಾಧಾನ ಬೇಡಿದೆ,
ಉದ್ದಕ್ಕೇ ಬೇಡಿದೆ.
ಆಮೆನ್ ಅನ್ನುವ ತನಕ ಕಾದು ಅವರು ಹೇಳಿದರು:
"ಅಯ್ನೋರೆ, ಕಬ್ಬು ಕಡ್ದಾಯ್ತು. ಉರೀತಿರೋದು ಬರೀ ತರಗು.
ಬುಡ ನೆಲ್ದೊಳ್ಗದೆ. ಇದು ಕೂಳೆ ಕನಿ."

ತಿಂಗಳಿಗೆ ಮತ್ತೆ ಹೋದೆ.
ಕರಿ ನೆಲದ ತುಂಬ ಹಸುರು ಸೂಜಿ.
ಯಾರೂ ನೆಟ್ಟಿರಲಿಲ್ಲ.
ಆಮೇಲೆ ನನ್ನ ಪ್ರಾರ್ಥನೆ ಗಿಡ್ಡವಾಯಿತು.
ನೀವು ಗಮನಿಸಿಯೂ ಹೇಳಲಿಲ್ಲ, ದೊಡ್ಡ ಮನಸ್ಸು.

ಈಗ ಲೆಕ್ಕ ಒಪ್ಪಿಸುತ್ತೇನೆ.
ಗಂಟೆಯ ಹಗ್ಗ ಹೊಸದು, ಮೆಲ್ಲಗೆ ಎಳೆಯಿರಿ,
ಹಳೆಯದು ತುಂಡಾದದ್ದು ಎಲೀಷನ ಭಕ್ತಿಗೆ.
ಹಾರ್ಮೋನಿಯಂನ ಕಪ್ಪು ಮನೆಯೊಂದು ಒತ್ತಿದರೆ ಏಳುವುದಿಲ್ಲ;
ಅದನ್ನು ದಾಟಿ ನುಡಿಸುವುದು ಸಂತೋಷಮ್ಮನಿಗೆ ಮಾತ್ರ ಗೊತ್ತು.
ಅವರಿಗೆ ಎಪ್ಪತ್ತಾರು. ಯಾರಾದರೂ ಕಲಿಯಿರಿ.
ಮೂರನೇ ಬೆಂಚಿನ ಮೇಲೆ ಮಳೆ ಸೋರುತ್ತದೆ.
ಹೆಂಚು ಹಾಕಿಸಿ.
ನಾನು ಹನ್ನೊಂದು ವರ್ಷ ಬಕೆಟ್ಟು ಇಟ್ಟೆ.

ಅಯ್ಯನವರು ಹೋದರೆ ಸಭೆ ಏನಾಗುತ್ತದೆ ಅಂತೀರಿ.
ನಾನು ಟೈಫಾಯಿಡ್ ಹಿಡಿದು ಮೈಸೂರಿನಲ್ಲಿ ಮಲಗಿದ್ದಾಗ
ಆಲೆಮನೆಯ ಮಾರ್ಥಮ್ಮ ತೀರಿಕೊಂಡರಲ್ಲ,
ಮಣ್ಣು ಮಾಡಿದ್ದು ಯಾರು?
ಸುಗುಣಾ ಟೀಚರು ವಾಕ್ಯ ಓದಿದರು,
ಹುಡುಗರು ಸುರಿವ ಮಳೆಯಲ್ಲಿ ಗುಂಡಿ ತೋಡಿದರು,
ಹಿಂದಿನ ಬೀದಿಯ ಸಾಬರು ಟಾರ್ಪಾಲು ತಂದು ಹಿಡಿದರು.
ನನಗೆ ಫೋನು ಬಂದದ್ದು ಎಲ್ಲ ಮುಗಿದ ಮೇಲೆ.
ನಿಜ ಹೇಳಲೇ?
ಆವತ್ತು ಒಂದಿಷ್ಟು ಹೊಟ್ಟೆಕಿಚ್ಚಾಯಿತು.
ಗ್ಲೂಕೋಸಿನ ಬಾಟಲಿ ನೋಡುತ್ತ ಮಲಗಿದ್ದವನಿಗೆ
ಅರ್ಧ ರಾತ್ರಿಯ ಮೇಲೆ ನಗು ಬಂತು:
ಬುಡ ನೆಲದೊಳಗಿದೆ.

ಆದರೆ ಜೀವರತ್ನಪ್ಪನವರು ಇನ್ನೂ ಒಂದು ಹೇಳಿದ್ದರು,
ಬದುವಿನ ಮೇಲಲ್ಲ, ಕೊನೆಯ ದಿನಗಳಲ್ಲಿ, ಮಂಚದ ಮೇಲೆ:
"ಕೂಳೆ ಅಂತ ಕೈಬಿಟ್ರೆ ಮೂರ್ನೇ ಸಲಕ್ಕೆ ಬರೀ ಕಡ್ಡಿ.
ಸಂದು ಬಿದ್ದ ಕಡೆ ಪೈರು ಕೂರುಸ್ಬೇಕು."
ಸಂದು ಎಲ್ಲೆಂದು ನಿಮಗೆ ಗೊತ್ತು.
ನಿರೀಕ್ಷಾ ಸಿಸ್ಟರು ಬಂದು ಎಂಟು ತಿಂಗಳಾಯಿತು.
ಯಾಕೆ ಬರಲಿಲ್ಲ ಅಂತ ನಾವು ಅವಳನ್ನು ಕೇಳಲಿಲ್ಲ,
ನಾವು ನಾವೇ ಕೇಳಿಕೊಂಡೆವು,
ಅದು ಅವಳ ಕಿವಿಗೆ ಬಿತ್ತು.
ನಾಳೆ ಯಾರಾದರೂ ಹೋಗಿ. ಬರಿಗೈಲಿ ಹೋಗಿ.
ಬುದ್ಧಿಮಾತು ಮನೆಯಲ್ಲೇ ಇರಲಿ.

ಇನ್ನೊಂದು ನನ್ನ ಸೋಲು.
ಕರುಣಾಕರ, ಸತ್ಯಮಿತ್ರ. ಒಡಹುಟ್ಟಿದವರು.
ನೀರಿನ ಪಾಳಿಯಲ್ಲಿ ಕೆಟ್ಟದ್ದು, ಒಂಬತ್ತು ವರ್ಷ.
ಒಬ್ಬರು ಮುಂದಿನ ಸಾಲು, ಒಬ್ಬರು ಬಾಗಿಲ ಹತ್ತಿರ.
ಒಂದೇ ರೊಟ್ಟಿ ಮುರಿದು ಇಬ್ಬರ ಅಂಗೈಗೂ ಇಟ್ಟೆ.
ಇಬ್ಬರೂ ನುಂಗಿದಿರಿ,
ಒಬ್ಬರ ಮುಖ ಒಬ್ಬರು ನೋಡಲಿಲ್ಲ.
ನನ್ನ ಕೈಯಲ್ಲಿ ಆಗಲಿಲ್ಲ.
ಹೊಸಬರು ಬಂದು ಮಾಡಲಿ ಅಂತ ಕಾಯಬೇಡಿ,
ಅವರಿಗೆ ಮೊದಲು ಫ್ಯಾನಿನ ಚಿಂತೆ ಇರುತ್ತದೆ.

ಇಷ್ಟೇ. ಹನ್ನೆರಡೂಕಾಲಿಗೆ ಬಸ್ಸು.
ಆಶೀರ್ವಾದಕ್ಕೆ ಕೈ ಎತ್ತುವುದು ನಾನು, ಅದು ರೂಢಿ.
ಇವತ್ತು ನೀವು ಎತ್ತಿ.
ಪ್ರಯಾಣ ನನ್ನದು,
ಊರು ಹೊಸದು, ನನಗೂ ಅಂಜಿಕೆ.
ಮಕ್ಕಳೂ ಎತ್ತಲಿ.
ಕರುಣಾಕರ, ಸತ್ಯಮಿತ್ರ, ನೀವೂ.
ಕೈ ಎತ್ತುವುದಕ್ಕೆ ಮಾತಾಡಲೇಬೇಕು ಅಂತಿಲ್ಲ.

ಗಿಡ್ಡವಾಗಿರಲಿ.